ತರಗೆಲೆಯ ಲೆಕ್ಕ: ಒಣಗಿದ ಬೆಟ್ಟಕ್ಕೆ ಬೆಂಕಿ ಹೇಗೆ ಹತ್ತುತ್ತೆ, ಹೇಗೆ ನಿಲ್ಲುತ್ತೆ?

ಕಾಡ್ಗಿಚ್ಚು ಅಂದ ತಕ್ಷಣ ನಮ್ಮಲ್ಲಿ ತುಂಬಾ ಜನಕ್ಕೆ ನೆನಪಾಗೋದು ಮೊಬೈಲ್‌ನಲ್ಲಿ ನೋಡಿದ ಕ್ಯಾಲಿಫೋರ್ನಿಯಾ ಅಥವಾ ಆಸ್ಟ್ರೇಲಿಯಾ. ಆದರೆ ಬೆಂಗಳೂರಿನಿಂದ ಮೂರು ನಾಲ್ಕು ಗಂಟೆ ಬಸ್ಸಿನಲ್ಲಿ ಕೂತರೆ ಸಿಗುವ ಕೊಳ್ಳೇಗಾಲ, ಹನೂರು, ಯಳಂದೂರಿನ ಕಾಡುಗಳಿಗೂ ಪ್ರತಿ ಬೇಸಿಗೆಯಲ್ಲಿ ಇದೇ ಭಯ ಇರುತ್ತೆ. ನಮ್ಮೂರು ಸತ್ತೇಗಾಲ. ಭರಚುಕ್ಕಿ ನೋಡಲು ಬಂದವರಿಗೆ ಹೆಸರು ಗೊತ್ತಿರಬಹುದು. ಒಂದು ಕಡೆ ಕಾವೇರಿ, ಭತ್ತ, ಕಬ್ಬು. ಸ್ವಲ್ಪ ಮುಂದೆ ಹೋದರೆ ಒಣ ಬೆಟ್ಟ, ಕುರುಚಲು ಕಾಡು, ಆನೆ. ಈ ಸಲ ನವೆಂಬರ್ ಕಳೆದ ಮೇಲೆ ಊರಲ್ಲಿ ಹೇಳಿಕೊಳ್ಳುವಂಥ ಮಳೆ ಆಗಿಲ್ಲ. ಫೋನ್ ಮಾಡಿದಾಗಲೆಲ್ಲ ಮನೆಯಲ್ಲಿ ಹೇಳೋದು ಒಂದೇ ಮಾತು: "ಬೆಟ್ಟ ಆಗ್ಲೇ ಒಣಗ್ಬುಟ್ಟದೆ ಕಣಪ್ಪ."

"ಬೆಟ್ಟ ಒಣಗಿದೆ" ಅನ್ನೋ ಆ ಮಾತಿನ ಹಿಂದೆ ಎಷ್ಟು ವಿಜ್ಞಾನ ಇದೆ ಅಂತ ನೋಡೋದೇ ಈ ಲೇಖನದ ಉದ್ದೇಶ. ಇದಕ್ಕೆ ದೊಡ್ಡ ಗಣಿತ ಬೇಕಿಲ್ಲ. ಮೊದಲ ವರ್ಷದ ಫಿಸಿಕ್ಸ್, ಈ ವರ್ಷದ ಥರ್ಮೋಡೈನಮಿಕ್ಸ್ ಸಾಕು. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಹಾಗಾಗಿ ಕೆಲವು ತಾಂತ್ರಿಕ ಪದಗಳು ಇದ್ದ ಹಾಗೇ ಬಂದಿವೆ, ಅಡ್ಜಸ್ಟ್ ಮಾಡ್ಕೊಳ್ಳಿ.

1. ನಮ್ಮ ಕಾಡು, ನಮ್ಮ ವಸಂತ

ಮೊದಲು ನಕ್ಷೆ. ನಮ್ಮ ಸುತ್ತ ಮೂರು ದೊಡ್ಡ ರಕ್ಷಿತ ಕಾಡುಗಳಿವೆ. ಕಾವೇರಿ ವನ್ಯಜೀವಿ ಧಾಮ 1987ರಲ್ಲಿ ಶುರುವಾಗಿ ಆಮೇಲೆ ವಿಸ್ತರಣೆಯಾಯಿತು. ಈಗ ಅದು 1,000 ಚದರ ಕಿ.ಮೀ.ಗಿಂತ ಹೆಚ್ಚು. ಮಲೆ ಮಹದೇಶ್ವರ ವನ್ಯಜೀವಿ ಧಾಮ ಘೋಷಣೆಯಾಗಿದ್ದು 2013ರಲ್ಲಿ, ಸುಮಾರು 906 ಚದರ ಕಿ.ಮೀ. ಯಳಂದೂರಿನ ಕಡೆ ಬಿಳಿಗಿರಿರಂಗನ ಬೆಟ್ಟ, ಅಂದರೆ ಬಿಆರ್‌ಟಿ. ಅದು 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಸುಮಾರು 574 ಚದರ ಕಿ.ಮೀ. ಮೂರೂ ಸೇರಿದರೆ ಹತ್ತಿರ ಹತ್ತಿರ 2,500 ಚದರ ಕಿ.ಮೀ. ಕಾಡು.

ಇದರಲ್ಲಿ ಬಹುಪಾಲು ಒಣ ಎಲೆ ಉದುರುವ ಕಾಡು. ಬಿಳಿಗಿರಿ ಬೆಟ್ಟದ ಎತ್ತರದಲ್ಲಿ ಶೋಲಾ ಇದೆ, ಕಾವೇರಿ ದಡದಲ್ಲಿ ಹೆಚ್ಚು ಕಾಲ ಹಸಿರಾಗಿರುವ ಹೊಳೆಮತ್ತಿ ಮರಗಳಿವೆ. ಉಳಿದ ಕಡೆ ದಿಂಡಿಗ, ಹೊನ್ನೆ, ಮುತ್ತುಗ, ಜಾಲಿ, ಬಿದಿರು. ಈ ಮರಗಳಿಗೆ ನೀರು ಉಳಿಸೋಕೆ ಒಂದು ಸುಲಭ ಉಪಾಯ ಗೊತ್ತು: ಬೇಸಿಗೆ ಬರುವ ಮುಂಚೆ ಎಲೆ ಉದುರಿಸಿಬಿಡೋದು. ಮರಕ್ಕೆ ಅದು ಒಳ್ಳೆಯದೇ. ಆದರೆ ಆ ಎಲೆಯೆಲ್ಲ ನೆಲಕ್ಕೆ ಬಂದು ಕೂರುತ್ತಲ್ಲ, ಅದೇ ತರಗು. ಬೆಂಕಿಗೆ ಅದೇ ಊಟ.

ಇಂಗ್ಲಿಷ್ ಪಠ್ಯದಲ್ಲಿ ವಸಂತ ಅಂದರೆ ಹಿಮ ಕರಗಿ ಹಸಿರು ಬರುವ ಕಾಲ. ಅಮೆರಿಕದ ಪಶ್ಚಿಮ ಭಾಗದಲ್ಲಿ ವಸಂತ ಒಣಗಿದರೆ ಮುಂದಿನ ಬೇಸಿಗೆ, ಶರತ್ಕಾಲದ ಬೆಂಕಿಯ ಬಗ್ಗೆ ಜನ ಚಿಂತೆ ಮಾಡ್ತಾರೆ. ನಮ್ಮಲ್ಲಿ ಹಾಗೆ ಕಾಯೋಕೆ ಟೈಮೇ ಇಲ್ಲ. ಮುತ್ತುಗ ಹೂ ಬಿಡುವ ಫೆಬ್ರವರಿ, ಮಾರ್ಚ್ ತಿಂಗಳೇ ನಮ್ಮ ಬೆಂಕಿ ಕಾಲ. ಅಂದರೆ ನಮಗೆ ವಸಂತ ಬೇರೆ, ಬೆಂಕಿ ಸೀಸನ್ ಬೇರೆ ಅಲ್ಲ.

ಚಾಮರಾಜನಗರ ಜಿಲ್ಲೆಗೆ ಮುಂಗಾರು, ಹಿಂಗಾರು ಎರಡೂ ಮಳೆ ಸಿಗುತ್ತೆ. ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಚೆನ್ನಾಗಿ ಸುರಿಯುತ್ತೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಏನೂ ಇಲ್ಲ. ಆಮೇಲೆ ಯುಗಾದಿ ಆಸುಪಾಸಿನಲ್ಲಿ ಒಂದೆರಡು ಗುಡುಗು ಮಳೆ, ಅಶ್ವಿನಿ ಮಳೆ, ಭರಣಿ ಮಳೆ. ರೈತರು ಭರಣಿಗೆ ಕಾಯೋದು ಉಳುಮೆಗೆ. ಕಾಡು ಕಾಯೋದು ಬೆಂಕಿ ಆರಿಸೋಕೆ. ಆ ಮೊದಲ ಮಳೆ ಎರಡು ವಾರ ತಡವಾದರೂ ಬೆಂಕಿ ಕಾಲ ಎರಡು ವಾರ ಉದ್ದ ಆಗುತ್ತೆ.

ಇಲ್ಲಿ ಇನ್ನೊಂದು ವಿಷಯ ಇದೆ. ಬರೀ ಬರಗಾಲ ಇದ್ದರೆ ಬೆಂಕಿ ಜಾಸ್ತಿ ಅಂತ ಹೇಳೋಕಾಗಲ್ಲ. ಸತತ ಬರ ಬಂದರೆ ಹುಲ್ಲೇ ಬೆಳೆದಿರಲ್ಲ, ಸುಡೋಕೆ ಏನೂ ಇರಲ್ಲ. ನಿಜವಾದ ಅಪಾಯ ಬರೋದು ಮಳೆಗಾಲದಲ್ಲಿ ಚೆನ್ನಾಗಿ ಮಳೆ ಬಂದು, ಹುಲ್ಲು, ಪೊದೆ ಸೊಂಪಾಗಿ ಬೆಳೆದು, ಆಮೇಲೆ ನಾಲ್ಕು ತಿಂಗಳು ಒಂದು ಹನಿಯೂ ಬೀಳದೇ ಇದ್ದಾಗ. ಹಸಿರಾಗಿ ಬೆಳೆದದ್ದೆಲ್ಲ ಅಷ್ಟೇ ಪ್ರಮಾಣದ ಉರುವಲಾಗಿ ನಿಲ್ಲುತ್ತೆ.

2. ಎಲೆಯೊಳಗಿನ ನೀರು

ಬೆಂಕಿಗೆ ಮೂರು ಬೇಕು: ಉರುವಲು, ಆಮ್ಲಜನಕ, ಶಾಖ. ಇದು ಶಾಲೆಯಲ್ಲಿ ಓದಿದ ಬೆಂಕಿ ತ್ರಿಕೋನ. ಆದರೆ ಕಾಡಿನಲ್ಲಿ ಉರುವಲೂ ಆಮ್ಲಜನಕವೂ ವರ್ಷವೆಲ್ಲ ಇರುತ್ತೆ. ಹಾಗಾದರೆ ಆಗಸ್ಟ್‌ನಲ್ಲಿ ಯಾಕೆ ಬೆಂಕಿ ಹತ್ತಲ್ಲ? ಉತ್ತರ ಎಲೆಯೊಳಗಿನ ನೀರಿನಲ್ಲಿದೆ.

ಸತ್ತ ಎಲೆ ಒಂಥರಾ ಸ್ಪಂಜ್ ಇದ್ದ ಹಾಗೆ. ಗಾಳಿಯಲ್ಲಿ ತೇವ ಇದ್ದರೆ ಹೀರುತ್ತೆ, ಗಾಳಿ ಒಣಗಿದ್ದರೆ ಬಿಡುತ್ತೆ. ಸಾಕಷ್ಟು ಹೊತ್ತು ಬಿಟ್ಟರೆ ಗಾಳಿಗೆ ತಕ್ಕ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತೆ. ಇದನ್ನ ಸಮತೋಲನ ತೇವಾಂಶ ಅಂತಾರೆ. ಬೆಂಕಿ ತಜ್ಞರು ಬಳಸುವ ಸೂತ್ರದ ಪ್ರಕಾರ, 20 ಡಿಗ್ರಿ ಸೆಲ್ಸಿಯಸ್, ಶೇ. 80ರಷ್ಟು ಆರ್ದ್ರತೆ ಇರುವ ಬೆಳಗಿನ ಜಾವದಲ್ಲಿ ಅದು ಸುಮಾರು ಶೇ. 16. ಅದೇ 35 ಡಿಗ್ರಿ, ಶೇ. 20 ಆರ್ದ್ರತೆ ಇರುವ ಮಾರ್ಚ್ ಮಧ್ಯಾಹ್ನದಲ್ಲಿ ಸುಮಾರು ಶೇ. 4. ಒಂದೇ ಎಲೆ, ಒಂದೇ ದಿನ, ನಾಲ್ಕು ಪಟ್ಟು ವ್ಯತ್ಯಾಸ!

ಇದರಿಂದ ಬೆಂಕಿಗೆ ಏನು ಲಾಭ ಅಂತ ಲೆಕ್ಕ ಹಾಕೋಣ. ಒಂದು ಕೆ.ಜಿ. ಪೂರ್ತಿ ಒಣ ಎಲೆಯನ್ನ 30 ಡಿಗ್ರಿಯಿಂದ ಹೊತ್ತಿಕೊಳ್ಳುವ ಸುಮಾರು 300 ಡಿಗ್ರಿವರೆಗೆ ಕಾಯಿಸಲು ಅಂದಾಜು 400 ಕಿಲೋಜೌಲ್ ಬೇಕು. ಎಲೆಯೊಳಗೆ ನೀರಿದ್ದರೆ ಅದನ್ನ ಮೊದಲು ಕುದಿಸಿ ಆವಿ ಮಾಡಬೇಕು. ಒಂದು ಕೆ.ಜಿ. ನೀರನ್ನ 30ರಿಂದ 100 ಡಿಗ್ರಿಗೆ ತರಲು ಸುಮಾರು 290, ಆವಿ ಮಾಡಲು 2,260, ಒಟ್ಟು 2,550 ಕಿಲೋಜೌಲ್. ಈಗ ಎರಡು ಎಲೆ ರಾಶಿ ತಗೊಳ್ಳಿ.

ಶೇ. 30 ತೇವ ಇರುವ ರಾಶಿ: 400 + 0.30 × 2,550 = 1,165 ಕಿಲೋಜೌಲ್.
ಶೇ. 5 ತೇವ ಇರುವ ರಾಶಿ: 400 + 0.05 × 2,550 = ಸುಮಾರು 528 ಕಿಲೋಜೌಲ್.

ಅಂದರೆ ಒಣ ರಾಶಿಯನ್ನ ಹೊತ್ತಿಸಲು ಬೇಕಾದ ಶಾಖ ಅರ್ಧಕ್ಕಿಂತ ಕಡಿಮೆ. ಪಕ್ಕದ ಎಲೆ ಸುಡುವಾಗ ಬರುವ ಬಿಸಿಯೇ ಮುಂದಿನ ಎಲೆಗೆ ಸಾಕಾಗುತ್ತೆ, ಹಾಗಾಗಿ ಬೆಂಕಿ ತಾನಾಗಿಯೇ ಮುಂದೆ ಹೋಗುತ್ತೆ. ತೇವ ಶೇ. 25-30 ದಾಟಿದರೆ ತರಗಿನ ಬೆಂಕಿ ಸಾಮಾನ್ಯವಾಗಿ ತಾನೇ ಸಾಯುತ್ತೆ. ಮಳೆಗಾಲದಲ್ಲಿ ಸೌದೆ ಒಲೆ ಹೊತ್ತಿಸೋಕೆ ಒದ್ದಾಡಿದವರಿಗೆ ಈ ಲೆಕ್ಕ ಬರೀ ಹೊಗೆ ನೋಡಿಯೇ ಗೊತ್ತಾಗಿರುತ್ತೆ.

ಎಲ್ಲ ಉರುವಲೂ ಒಂದೇ ವೇಗದಲ್ಲಿ ಒಣಗಲ್ಲ ಅನ್ನೋದನ್ನೂ ನೆನಪಿಡಿ. ಹುಲ್ಲು, ಎಲೆ ಗಂಟೆಯೊಳಗೆ ಒಣಗುತ್ತವೆ. ಬೆರಳು ದಪ್ಪದ ಕಡ್ಡಿಗೆ ಹೆಚ್ಚುಕಡಿಮೆ ಒಂದು ದಿನ. ಕೈ ದಪ್ಪದ ಕೊಂಬೆಗೆ ದಿನಗಳು, ಬಿದ್ದ ಮರದ ಬೊಡ್ಡೆಗೆ ವಾರಗಳು. ಜನವರಿಯಲ್ಲಿ ಬೆಂಕಿ ಬಿದ್ದರೆ ಮೇಲಿನ ತರಗು ಮಾತ್ರ ಸುಡುತ್ತೆ, ಬೊಡ್ಡೆ ಒಳಗೆ ಇನ್ನೂ ಹಸಿ ಇರುತ್ತೆ. ಏಪ್ರಿಲ್‌ನಲ್ಲಿ ಬಿದ್ದರೆ ಬೊಡ್ಡೆಯೂ ಸೇರಿ ಎಲ್ಲ ಸುಡುತ್ತೆ, ಮೂರು ದಿನ ಹೊಗೆಯಾಡುತ್ತೆ. "ಬೆಟ್ಟ ಒಣಗದೆ" ಅಂತ ಊರಲ್ಲಿ ಹೇಳೋದು ಈ ಎರಡನೇ ಸ್ಥಿತಿಗೆ.

3. ಬೆಂಕಿಯ ಬಲವನ್ನ ಅಳೆಯೋದು ಹೇಗೆ?

ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಜಾರ್ಜ್ ಬೈರಮ್ 1959ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಇವತ್ತಿಗೂ ಜಗತ್ತಿನಾದ್ಯಂತ ಅದನ್ನೇ ಬಳಸ್ತಾರೆ.

ಬೆಂಕಿಯ ತೀವ್ರತೆ = ಉರುವಲಿನ ಶಾಖ × ಚದರ ಮೀಟರಿಗೆ ಸುಡುವ ಉರುವಲು × ಬೆಂಕಿ ಮುಂದೆ ಸಾಗುವ ವೇಗ

ಶಾಖ ಕೆ.ಜಿ.ಗೆ ಸುಮಾರು 18,000 ಕಿಲೋಜೌಲ್. ಎಲೆ, ಹುಲ್ಲು, ಕಡ್ಡಿ ಯಾವುದಕ್ಕಾದರೂ ಇದು ಹೆಚ್ಚು ಬದಲಾಗಲ್ಲ. ಬದಲಾಗೋದು ಉಳಿದ ಎರಡು. ಎರಡು ಉದಾಹರಣೆ ಮಾಡೋಣ. ಇವು ನಾನು ಲೆಕ್ಕಕ್ಕೆ ಇಟ್ಟುಕೊಂಡ ಸಂಖ್ಯೆಗಳು, ಯಾವುದೋ ಜಾಗದಲ್ಲಿ ಅಳೆದದ್ದಲ್ಲ.

ಉದಾಹರಣೆ ಒಂದು, ಬರೀ ತರಗು. ಚದರ ಮೀಟರಿಗೆ ಅರ್ಧ ಕೆ.ಜಿ., ವೇಗ ನಿಮಿಷಕ್ಕೆ 1.2 ಮೀಟರ್, ಅಂದರೆ ಸೆಕೆಂಡಿಗೆ 0.02 ಮೀಟರ್. ತೀವ್ರತೆ 18,000 × 0.5 × 0.02 = 180. ಇದರ ಏಕಮಾನ, ಬೆಂಕಿ ಸಾಲಿನ ಪ್ರತಿ ಮೀಟರಿಗೆ ಕಿಲೋವ್ಯಾಟ್. ಅಡುಗೆಮನೆ ಗ್ಯಾಸ್ ಸ್ಟೌವಿನ ಒಂದು ಬರ್ನರ್ ಸುಮಾರು 2 ಕಿಲೋವ್ಯಾಟ್ ಅಂದ್ಕೊಂಡರೆ, ಒಂದು ಮೀಟರ್ ಅಗಲದಲ್ಲಿ 90 ಬರ್ನರ್ ಫುಲ್ ಆನ್ ಆದ ಹಾಗೆ. ಜ್ವಾಲೆಯ ಉದ್ದ ಸುಮಾರು 85 ಸೆಂ.ಮೀ., ಸೊಂಟದಷ್ಟು.

ಉದಾಹರಣೆ ಎರಡು, ಒಣಗಿದ ಲಂಟಾನ ಪೊದೆ. ಚದರ ಮೀಟರಿಗೆ ಒಂದೂವರೆ ಕೆ.ಜಿ., ಗಾಳಿ ಬೀಸ್ತಿದೆ, ವೇಗ ಸೆಕೆಂಡಿಗೆ 0.1 ಮೀಟರ್. ತೀವ್ರತೆ 18,000 × 1.5 × 0.1 = 2,700. ಈಗ ಬರ್ನರ್ ಲೆಕ್ಕ 1,350. ಜ್ವಾಲೆ ಹತ್ತಿರ ಹತ್ತಿರ 3 ಮೀಟರ್.

ಉರುವಲು ಮೂರು ಪಟ್ಟು, ವೇಗ ಐದು ಪಟ್ಟು, ಬಲ ಹದಿನೈದು ಪಟ್ಟು. ಅಮೆರಿಕದ ಬೆಂಕಿ ಸಿಬ್ಬಂದಿಯ ಕೈಪಿಡಿಗಳ ಪ್ರಕಾರ ಸುಮಾರು 350 ಕಿಲೋವ್ಯಾಟ್, ಅಂದರೆ ಜ್ವಾಲೆ ಸುಮಾರು 1.2 ಮೀಟರ್ ಇರೋತನಕ ಮಾತ್ರ ಮನುಷ್ಯ ಕೈ ಉಪಕರಣ ಹಿಡಿದು ಬೆಂಕಿಯ ಎದುರು ನಿಲ್ಲಬಹುದು. ನಮ್ಮ ಕಡೆ ಕೈ ಉಪಕರಣ ಅಂದರೆ ಬಹಳ ಸಲ ಹಸಿ ಸೊಪ್ಪಿನ ಕೊಂಬೆ. ಮೊದಲ ಉದಾಹರಣೆಯ ಬೆಂಕಿಯನ್ನ ನಾಲ್ಕು ಜನ ಸೊಪ್ಪಿನಿಂದ ಬಡಿದು ಆರಿಸಬಹುದು. ಎರಡನೆಯದರ ಹತ್ತಿರ ಹೋಗೋಕೂ ಆಗಲ್ಲ.

ಇದಕ್ಕೆ ಇಳಿಜಾರನ್ನ ಸೇರಿಸಿ. ಬೆಂಕಿ ಬೆಟ್ಟ ಹತ್ತುವಾಗ ಜ್ವಾಲೆ ಮೇಲಿನ ಎಲೆಗಳ ಕಡೆ ಬಾಗಿ, ಅವನ್ನ ಮೊದಲೇ ಕಾಯಿಸಿಬಿಡುತ್ತೆ. ಪ್ರತಿ 10 ಡಿಗ್ರಿ ಏರಿಗೆ ವೇಗ ಎರಡು ಪಟ್ಟು ಅನ್ನೋದು ಆಸ್ಟ್ರೇಲಿಯಾದವರು ರೂಢಿಗೆ ತಂದ ಅಂದಾಜು. 20 ಡಿಗ್ರಿ ಏರು ಇದ್ದರೆ ನಾಲ್ಕು ಪಟ್ಟು. ಆಗ ನಮ್ಮ ಸಾಧು ತರಗು ಬೆಂಕಿಯೂ 180ರಿಂದ 720ಕ್ಕೆ ಹೋಗುತ್ತೆ, ಸೊಪ್ಪಿನ ಕೈ ಮೀರುತ್ತೆ. ಮಲೆ ಮಹದೇಶ್ವರ ಬೆಟ್ಟದ ದಾರಿ ನೋಡಿದವರಿಗೆ 20 ಡಿಗ್ರಿ ಏರು ಅಲ್ಲಿ ಎಷ್ಟು ಮಾಮೂಲು ಅಂತ ಗೊತ್ತು. ಬೆಂಕಿ ಆರಿಸುವವರು ಯಾವತ್ತೂ ಬೆಂಕಿಗಿಂತ ಮೇಲಿನ ಇಳಿಜಾರಲ್ಲಿ ನಿಲ್ಲಬಾರದು ಅನ್ನೋ ನಿಯಮ ಬಂದಿದ್ದೂ ಇದೇ ಲೆಕ್ಕದಿಂದ.

ಇದು ಬರೀ ಪೇಪರ್ ಮೇಲಿನ ಮಾತಲ್ಲ. 2017ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜ್ವಾಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. 2019ರ ಫೆಬ್ರವರಿ ಕೊನೆಯಲ್ಲಿ ಅದೇ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿಯಬೇಕಾಯಿತು.

4. ಲಂಟಾನ ಮತ್ತು ತರಗು ಬೆಂಕಿ

ಲಂಟಾನ ನಮ್ಮ ದೇಶದ ಗಿಡ ಅಲ್ಲ. ಮೂಲ ಅಮೆರಿಕ ಖಂಡ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅದನ್ನ ತೋಟದ ಹೂಗಿಡವಾಗಿ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಬಿಳಿಗಿರಿರಂಗನ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ಸಮೀಕ್ಷೆ ಮಾಡಿದಾಗ ನೋಡಿದ ಜಾಗಗಳಲ್ಲಿ ಶೇ. 41ರಷ್ಟರಲ್ಲಿ ಲಂಟಾನ ಇತ್ತು. 2008ರಲ್ಲಿ ಮತ್ತೆ ನೋಡಿದಾಗ ಶೇ. 81. ಹನ್ನೊಂದು ವರ್ಷದಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು.

ಬೆಂಕಿ ದೃಷ್ಟಿಯಿಂದ ಲಂಟಾನದ ಸಮಸ್ಯೆ ಎರಡು. ಒಂದು, ಉರುವಲಿನ ಪ್ರಮಾಣ ಹೆಚ್ಚು. ಎರಡು, ಅದು ಏಣಿ ಥರ ಕೆಲಸ ಮಾಡುತ್ತೆ. ತರಗು ಬೆಂಕಿ ನೆಲದಲ್ಲೇ ಹರಿದು ಹೋಗುತ್ತೆ, ದೊಡ್ಡ ಮರದ ದಪ್ಪ ತೊಗಟೆಗೆ ಹೆಚ್ಚೇನೂ ಆಗಲ್ಲ. ಮರಕ್ಕೆ ಹಬ್ಬಿದ ಲಂಟಾನ ಇದ್ದರೆ ಅದೇ ಬೆಂಕಿ ಅದನ್ನ ಹತ್ತಿ ಮರದ ತಲೆಗೇ ಹೋಗುತ್ತೆ.

ಇಲ್ಲಿ ಸೋಲಿಗರ ವಿಷಯ ಬರುತ್ತೆ. ಈ ಬೆಟ್ಟಗಳಲ್ಲಿ ತಲೆತಲಾಂತರದಿಂದ ಇರುವ ಸೋಲಿಗರು ಹಿಂದೆ ಪ್ರತಿ ವರ್ಷ ಬೇಸಿಗೆಯ ಆರಂಭದಲ್ಲೇ, ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗ, ತರಗಿಗೆ ಬೆಂಕಿ ಕೊಡ್ತಿದ್ದರು. ಇದಕ್ಕೆ ತರಗು ಬೆಂಕಿ ಅಂತಲೇ ಹೆಸರು. ಬೆಂಕಿ ಚಿಕ್ಕದು, ಬೇಗ ಆರುತ್ತೆ. ಅದರಿಂದ ಹೊಸ ಹುಲ್ಲು ಬರುತ್ತೆ, ಲಂಟಾನದ ಎಳೆ ಸಸಿ ಸಾಯುತ್ತೆ, ನೆಲ್ಲಿ ಮರಕ್ಕೆ ಹತ್ತುವ ಉಪ್ಪಿಲು ಅನ್ನೋ ಪರಾವಲಂಬಿ ಗಿಡವೂ ಹತೋಟಿಗೆ ಬರುತ್ತೆ ಅನ್ನೋದು ಅವರ ಅನುಭವ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಹಾಕುವ ಹಾಗಿಲ್ಲ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯ ಆದ ಮೇಲೆ ತರಗು ಬೆಂಕಿಯೂ ನಿಂತಿತು. 2011ರಲ್ಲಿ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳು ಸಿಕ್ಕವು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಅದು ಮೊದಲನೆಯದು. ಬೆಂಕಿಯ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಮೇಲಿನ ಸೂತ್ರಕ್ಕೆ ಹಾಕಿ ನೋಡಿದರೆ ಸೋಲಿಗರ ಮಾತು ಸ್ಪಷ್ಟ ಆಗುತ್ತೆ. ಪ್ರತಿ ವರ್ಷ ಸುಟ್ಟರೆ ಉರುವಲು ಅನ್ನೋ ಸಂಖ್ಯೆ ಚಿಕ್ಕದಾಗೇ ಇರುತ್ತೆ. ತೇವ ಇರುವಾಗ ಸುಟ್ಟರೆ ವೇಗವೂ ಚಿಕ್ಕದು. ಎರಡು ಚಿಕ್ಕ ಸಂಖ್ಯೆಗಳ ಗುಣಲಬ್ಧ ಇನ್ನೂ ಚಿಕ್ಕದು. ಸುಡೋದನ್ನ ಪೂರ್ತಿ ನಿಲ್ಲಿಸಿದರೆ ಉರುವಲು ಕೂಡುತ್ತಾ ಹೋಗುತ್ತೆ, ಬೆಂಕಿ ಯಾವತ್ತೋ ಏಪ್ರಿಲ್‌ನಲ್ಲಿ ಒಮ್ಮೆಲೇ ಬರುತ್ತೆ. ಅಮೆರಿಕದಲ್ಲೂ ಹೀಗೇ ಆಯಿತು. ದಶಕಗಳ ಕಾಲ ಪ್ರತಿ ಬೆಂಕಿಯನ್ನೂ ಆರಿಸಿದ ಮೇಲೆ ಅನೇಕ ಕಾಡುಗಳಲ್ಲಿ ಉರುವಲು ತುಂಬಿತು. ಈಗ ಅವರೇ ಬೇಕಂತ ಚಿಕ್ಕ ಬೆಂಕಿ ಹಾಕ್ತಾರೆ. ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡ್‌ನಲ್ಲಿ 2006ರಿಂದ ಅಲ್ಲಿನ ಮೂಲನಿವಾಸಿಗಳೇ ಒಣ ಕಾಲದ ಆರಂಭದಲ್ಲಿ ಬೆಂಕಿ ಹಾಕಿ, ಕೊನೆಯ ದೊಡ್ಡ ಬೆಂಕಿಗಳನ್ನ ಕಡಿಮೆ ಮಾಡುವ ಯೋಜನೆ ನಡೆಸ್ತಿದ್ದಾರೆ.

ಹಾಗಂತ ನಾಳೆಯೇ ಬೆಂಕಿಪೊಟ್ಟಣ ಹಿಡಿದು ಹೋಗಿ ಅಂತಲ್ಲ! ಇನ್ನೊಂದು ಪಕ್ಷದ ವಾದವೂ ಗಟ್ಟಿ ಇದೆ. ಬೆಂಕಿಯಿಂದ ನೆಲ ತೆರೆದುಕೊಂಡರೆ ಅಲ್ಲಿ ಮೊದಲು ಚಿಗುರೋದೇ ಲಂಟಾನ, ಅದು ಒಣಗಿ ಮತ್ತೆ ಬೆಂಕಿ, ಮತ್ತೆ ಲಂಟಾನ, ಹೀಗೆ ಒಂದು ಚಕ್ರ ಆಗುತ್ತೆ ಅಂತ ವಿಜ್ಞಾನಿಗಳು ವಾದ ಮುಂದಿಟ್ಟಿದ್ದಾರೆ. ಜೊತೆಗೆ, 1970ರಲ್ಲಿ ಇದ್ದ ಕಾಡು ಈಗಿಲ್ಲ. ಅವತ್ತು ತರಗಿಗೆ ಹಾಕ್ತಿದ್ದ ಬೆಂಕಿಯನ್ನ ಇವತ್ತು ಲಂಟಾನ ತುಂಬಿದ ಜಾಗಕ್ಕೆ ಹಾಕಿದರೆ ಅದು ಉದಾಹರಣೆ ಒಂದು ಅಲ್ಲ, ಉದಾಹರಣೆ ಎರಡು ಆಗುತ್ತೆ. ನನಗೆ ತೋಚೋದು ಇಷ್ಟು: ಮೊದಲು ಲಂಟಾನವನ್ನ ಬೇರು ಸಮೇತ ಕೀಳಬೇಕು, ಆಮೇಲೆ ಸೋಲಿಗರು, ಅರಣ್ಯ ಇಲಾಖೆ, ವಿಜ್ಞಾನಿಗಳು ಒಟ್ಟಿಗೆ ಕೂತು ಚಿಕ್ಕ ಜಾಗದಲ್ಲಿ ಪರೀಕ್ಷೆ ಮಾಡಿ ನೋಡಬೇಕು. ಕಿತ್ತ ಲಂಟಾನಕ್ಕೂ ಬೆಲೆ ಇದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ, ಪೀಠೋಪಕರಣ ಮಾಡಿ ಮಾರಿದ್ದಾರೆ.

5. ಕಿಡಿ ಬರೋದು ಎಲ್ಲಿಂದ?

ನಮ್ಮ ಕಾಡಿನಲ್ಲಿ ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತೆ ಅನ್ನೋ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಭಾರತದ ಕಾಡಿನ ಬೆಂಕಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯರಿಂದಲೇ. ಸಿಡಿಲಿನ ಬೆಂಕಿ ಅಪರೂಪ, ಯಾಕಂದರೆ ನಮ್ಮಲ್ಲಿ ಸಿಡಿಲು ಸಾಮಾನ್ಯವಾಗಿ ಮಳೆ ಜೊತೆಗೇ ಬರುತ್ತೆ. ಬೀಡಿ ತುಂಡು, ಜೇನು ಬಿಡಿಸುವಾಗ ಬಿದ್ದ ಕಿಡಿ, ಹೊಸ ಹುಲ್ಲು ಬರಲಿ ಅಂತ ಹಾಕಿದ ಬೆಂಕಿ, ಕಾಡಂಚಿನ ಹೊಲದಲ್ಲಿ ಕಬ್ಬಿನ ತರಗು ಸುಟ್ಟಾಗ ಗಾಳಿಗೆ ಹಾರಿದ ಕಿಡಿ, ಕೆಲವೊಮ್ಮೆ ಯಾರ ಮೇಲೋ ಸಿಟ್ಟು.

ನಮ್ಮ ಭಾಗಕ್ಕೆ ಇನ್ನೊಂದು ವಿಶೇಷ ಇದೆ, ಜಾತ್ರೆ. ಮಾದಪ್ಪನ ಬೆಟ್ಟದ ಶಿವರಾತ್ರಿ ಮತ್ತು ಯುಗಾದಿ ಜಾತ್ರೆ ಎರಡೂ ಸರಿಯಾಗಿ ಬೆಂಕಿ ಕಾಲದಲ್ಲೇ ಬರುತ್ತವೆ. ಕನಕಪುರ, ರಾಮನಗರದ ಕಡೆಯಿಂದ ಸಾವಿರಾರು ಭಕ್ತರು ಸಂಗಮದ ಹತ್ತಿರ ಕಾವೇರಿ ದಾಟಿ, ಶಾಗ್ಯ, ಕೌದಳ್ಳಿ ಮೇಲೆ ಕಾಡಿನ ನಡುವೆ ನಡೆದು ಬರ್ತಾರೆ. ದಾರಿಯಲ್ಲಿ ತಂಗಬೇಕು, ಅಡುಗೆ ಮಾಡಬೇಕು. ಅಡುಗೆ ಬೇಡ ಅಂತ ಯಾರೂ ಹೇಳಲ್ಲ. ಮೂರು ಕಲ್ಲಿನ ಒಲೆ ಹೂಡೋ ಮುಂಚೆ ಸುತ್ತ ಎರಡು ಮೀಟರ್ ತರಗು ಗುಡಿಸಿ, ಎದ್ದು ಹೋಗುವಾಗ ಕೆಂಡಕ್ಕೆ ನೀರು ಸುರಿದು, ಮಣ್ಣು ಮುಚ್ಚಿ, ಕೈಯಿಟ್ಟು ತಣ್ಣಗಾಗಿದೆಯಾ ನೋಡಿದರೆ ಸಾಕು. ಬೂದಿಯೊಳಗಿನ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತೆ. ನಾವು ಹೊರಟ ಮೇಲೆ ಮಧ್ಯಾಹ್ನದ ಗಾಳಿ ಬಂದು ಅದನ್ನ ಎಬ್ಬಿಸುತ್ತೆ.

6. ಉಪಗ್ರಹ ನೋಡುತ್ತೆ, ಆದರೆ ಯಾವಾಗ?

ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹದ ಮೂಲಕ ಬೆಂಕಿ ಎಚ್ಚರಿಕೆ ಕೊಡ್ತಿದೆ. ಮೋಡಿಸ್ ಸೆನ್ಸರ್‌ನ ಒಂದು ಪಿಕ್ಸೆಲ್ ನೆಲದ ಮೇಲೆ 1 ಕಿ.ಮೀ., ವಿಐಐಆರ್‌ಎಸ್ ಸೆನ್ಸರ್‌ನದ್ದು 375 ಮೀಟರ್. ಬಿಸಿ ಜಾಗ ಕಂಡರೆ ಅಕ್ಷಾಂಶ, ರೇಖಾಂಶ ಸಮೇತ ಅರಣ್ಯ ಸಿಬ್ಬಂದಿ ಮೊಬೈಲ್‌ಗೆ ಮೆಸೇಜ್ ಹೋಗುತ್ತೆ. ನಾಸಾದ ಫರ್ಮ್ಸ್ ಅನ್ನೋ ಜಾಲತಾಣದಲ್ಲಿ ಇದೇ ಮಾಹಿತಿಯನ್ನ ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

ಸಂತೋಷವೇ. ಆದರೆ ಇಂಜಿನಿಯರ್ ಆದವರು ಕೇಳಬೇಕಾದ ಪ್ರಶ್ನೆ: ಎರಡು ನೋಟದ ನಡುವೆ ಎಷ್ಟು ಹೊತ್ತು? ವಿಐಐಆರ್‌ಎಸ್ ಹೊತ್ತ ಉಪಗ್ರಹಗಳು ನಮ್ಮ ತಲೆ ಮೇಲೆ ಹಾಯೋದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆ ಆಸುಪಾಸು. ಬೆಂಕಿ ಮಧ್ಯಾಹ್ನ ಎರಡೂವರೆಗೆ ಹತ್ತಿತು ಅಂದ್ಕೊಳ್ಳಿ. ಆ ಸೆನ್ಸರ್ ಮತ್ತೆ ಬರೋಕೆ 11 ಗಂಟೆ. ಸರಾಸರಿ ನಿಮಿಷಕ್ಕೆ 1 ಮೀಟರ್ ಹರಡಿದರೂ ಎಲ್ಲ ದಿಕ್ಕಿಗೂ 660 ಮೀಟರ್. ವೃತ್ತದ ವಿಸ್ತೀರ್ಣ ಹಾಕಿ: ಸುಮಾರು 137 ಹೆಕ್ಟೇರ್, ಅಂದರೆ 338 ಎಕರೆ. ಮೋಡಿಸ್ ನಡುವೆ ಬಂದು ನೋಡಿದರೆ ಸ್ವಲ್ಪ ಬೇಗ ಗೊತ್ತಾಗಬಹುದು, ಆದರೆ ಅದರ ಪಿಕ್ಸೆಲ್ ದೊಡ್ಡದು. ಮರದ ಕೆಳಗೆ ಹರಿಯುವ ಚಿಕ್ಕ ತರಗು ಬೆಂಕಿ ತಪ್ಪಿಸಿಕೊಳ್ಳುವ ಸಾಧ್ಯತೆ ಇದ್ದೇ ಇದೆ.

ಅದಕ್ಕೇ ಎತ್ತರದ ಬಂಡೆ ಮೇಲೆ ಕೂತು ಹೊಗೆ ಹುಡುಕುವ ಬೆಂಕಿ ಕಾವಲುಗಾರ ಇವತ್ತಿಗೂ ಬೇಕು. ಇಲಾಖೆ ಬೇಸಿಗೆಯ ತಿಂಗಳುಗಳಿಗೆ ಮಾತ್ರ ಈ ಫೈರ್ ವಾಚರ್‌ಗಳನ್ನ ದಿನಗೂಲಿಗೆ ತಗೊಳ್ಳುತ್ತೆ. ಹೆಚ್ಚಿನವರು ಕಾಡಂಚಿನ ಊರು, ಪೋಡುಗಳವರು. ಬೇಸಿಗೆ ಮುಂಚೆ ಬೆಂಕಿ ರೇಖೆ ಮಾಡೋದೂ ಅವರೇ. ಬೆಂಕಿ ರೇಖೆ ಅಂದರೆ ರಸ್ತೆ ಪಕ್ಕ, ಕಾಡಿನ ಅಂಚಿನಲ್ಲಿ ಒಂದು ಪಟ್ಟಿಯ ಹುಲ್ಲು, ತರಗು ತೆಗೆದು ನೆಲ ಬೋಳು ಮಾಡೋದು. ಸೂತ್ರದಲ್ಲಿ ಉರುವಲನ್ನ ಸೊನ್ನೆ ಮಾಡಿದ ಹಾಗೆ. ಕಷ್ಟ ಏನಂದರೆ ಎಲೆ ಉದುರೋದು ಜನವರಿಗೇ ಮುಗಿಯಲ್ಲ. ಬೋಳು ಮಾಡಿದ ರೇಖೆ ಮೇಲೆ ಮತ್ತೆ ಎಲೆ ಬೀಳುತ್ತೆ, ಮತ್ತೆ ಗುಡಿಸಬೇಕು. ಒಂದು ಸಲ ಬಿಟ್ಟರೂ ಬೆಂಕಿಗೆ ಅದು ಸೇತುವೆ.

ಬೆಂಕಿ ಆರಿದ ಮೇಲೆ ಎಷ್ಟು ಸುಟ್ಟಿತು ಅಂತ ನೋಡೋಕೆ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿವೆ. ಹಸಿ ಎಲೆ ಸಮೀಪದ ಅವಕೆಂಪು ಬೆಳಕನ್ನ ಚೆನ್ನಾಗಿ ಪ್ರತಿಫಲಿಸುತ್ತೆ, ಸುಟ್ಟ ನೆಲ ಹಾಗೆ ಮಾಡಲ್ಲ. ಕಿರುತರಂಗದ ಅವಕೆಂಪಿನಲ್ಲಿ ಇದು ಉಲ್ಟಾ. ಎರಡರ ವ್ಯತ್ಯಾಸವನ್ನ ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನ ಬೆಂಕಿಯ ಮುಂಚೆ ಮತ್ತು ನಂತರ ಹೋಲಿಸಿದರೆ ಸುಟ್ಟ ಜಾಗದ ನಕ್ಷೆ ಸಿಗುತ್ತೆ. ಸಾಫ್ಟ್‌ವೇರ್ ಉಚಿತ, ನಮ್ಮ ಲ್ಯಾಪ್‌ಟಾಪ್ ಸಾಕು. ಒಂದೇ ಎಚ್ಚರಿಕೆ: ನಮ್ಮ ಕಾಡು ಮಾರ್ಚ್‌ನಲ್ಲಿ ಬೆಂಕಿ ಇಲ್ಲದೇನೂ ಬೋಳಾಗುತ್ತೆ. ಡಿಸೆಂಬರ್ ಚಿತ್ರಕ್ಕೂ ಮಾರ್ಚ್ ಚಿತ್ರಕ್ಕೂ ಹೋಲಿಸಿದರೆ ಎಲೆ ಉದುರಿದ್ದೂ ಸುಟ್ಟ ಹಾಗೆ ಕಾಣಬಹುದು. ಬೆಂಕಿಗೆ ಕೆಲವೇ ದಿನ ಮುಂಚಿನ ಚಿತ್ರವನ್ನೇ ತಗೊಳ್ಳಬೇಕು.

7. ಸುಟ್ಟರೆ ಯಾರಿಗೆ ನಷ್ಟ?

ಮರ, ಪ್ರಾಣಿ ಅಂತ ಎಲ್ಲರೂ ಹೇಳ್ತಾರೆ. ಆಮೆ, ಹಾವು, ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ ಇವಕ್ಕೆ ಓಡಿ ತಪ್ಪಿಸಿಕೊಳ್ಳೋಕೂ ಆಗಲ್ಲ. ಆದರೆ ಕಾಡಂಚಿನ ಊರಿನ ಲೆಕ್ಕವೂ ಇದೆ. ಮೇವು ಸುಟ್ಟರೆ ಆನೆ ಹೊಲಕ್ಕೆ ಇಳಿಯುತ್ತೆ. ದನಕ್ಕೆ ಹುಲ್ಲಿಲ್ಲ. ನೆಲ್ಲಿ, ಸೀಗೆ, ಜೇನು ನಂಬಿದ ಸೋಲಿಗರಿಗೆ ಆ ವರ್ಷದ ಆದಾಯ ಇಲ್ಲ. ಎಲೆಯ ಹೊದಿಕೆ ಹೋದ ಇಳಿಜಾರಿಗೆ ಮೊದಲ ಜೋರು ಮಳೆ ಬಿದ್ದಾಗ ಬೂದಿ ಜೊತೆ ಮೇಲ್ಮಣ್ಣೂ ಕೊಚ್ಚಿಕೊಂಡು ಹಳ್ಳಕ್ಕೆ, ಹಳ್ಳದಿಂದ ಕಾವೇರಿಗೆ ಹೋಗುತ್ತೆ. ಮಳೆಗೆ ಅಷ್ಟು ಕಾದು ಕಾದು, ಬಂದ ಮಳೆಯೇ ಮಣ್ಣು ಒಯ್ದರೆ ಹೇಗೆ?

8. ನಿಮಗೊಂದು ಅಸೈನ್‌ಮೆಂಟ್

ಓದಿ ಮುಗಿಸಿದ ಮೇಲೆ ಇದನ್ನ ಮಾಡಿ ನೋಡಿ. ಕಾಡಿಗೆ ಹೋಗೋದು ಬೇಡ, ಅನುಮತಿ ಇಲ್ಲದೆ ಹೋಗಲೂಬಾರದು. ಕ್ಯಾಂಪಸ್ಸಿನ ಯಾವುದಾದರೂ ತೇಗ, ಹೊಂಗೆ ಮರದ ಕೆಳಗೆ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಚೌಕ ಗುರುತು ಮಾಡಿ. ಅದರೊಳಗಿನ ತರಗೆಲ್ಲ ಬಾಚಿ ತೂಕ ಮಾಡಿ. ಲ್ಯಾಬಿನ ಓವನ್‌ನಲ್ಲಿ ಪೂರ್ತಿ ಒಣಗಿಸಿ ಮತ್ತೆ ತೂಕ ಮಾಡಿ. ಉದಾಹರಣೆಗೆ ಮೊದಲು 125 ಗ್ರಾಂ, ಒಣಗಿದ ಮೇಲೆ 115 ಗ್ರಾಂ ಬಂದರೆ, ತೇವಾಂಶ 10 ÷ 115, ಅಂದರೆ ಶೇ. 8.7. ಒಣ ತೂಕವನ್ನ ನಾಲ್ಕರಿಂದ ಗುಣಿಸಿ: ಚದರ ಮೀಟರಿಗೆ 460 ಗ್ರಾಂ. ಈಗ ಬೈರಮ್ ಸೂತ್ರದಲ್ಲಿ ಹಾಕಿ. ಬೆಳಿಗ್ಗೆ ಆರಕ್ಕೆ ಒಂದು ಸಲ, ಮಧ್ಯಾಹ್ನ ಎರಡಕ್ಕೆ ಒಂದು ಸಲ ಮಾಡಿದರೆ ಇನ್ನೂ ಚೆನ್ನ. ಒಂದೇ ಮರದ ಕೆಳಗೆ ಎಂಟು ಗಂಟೆಯಲ್ಲಿ ಎಷ್ಟು ವ್ಯತ್ಯಾಸ ಅಂತ ನಿಮಗೇ ಗೊತ್ತಾಗುತ್ತೆ. ಒಣಗಿಸಿದ ಎಲೆಗೆ ಮಾತ್ರ ಯಾರೂ ಬೆಂಕಿ ಹಚ್ಚಿ ನೋಡಬೇಡಿ, ವಾಪಸ್ ಮರದ ಬುಡಕ್ಕೇ ಹಾಕಿ, ಗೊಬ್ಬರ ಆಗಲಿ.

ಈ ರಜೆಯಲ್ಲಿ ಭರಚುಕ್ಕಿ, ಮಾದಪ್ಪನ ಬೆಟ್ಟ, ಬಿಳಿಗಿರಿರಂಗನ ಬೆಟ್ಟ ಅಂತ ಬೈಕ್ ಹತ್ತುವವರು ತುಂಬಾ ಜನ ಇದ್ದೀರಿ. ಬನ್ನಿ, ನಮ್ಮೂರು ಚೆನ್ನಾಗಿದೆ. ಸಿಗರೇಟು, ಕ್ಯಾಂಪ್‌ಫೈರ್ ಮಾತ್ರ ಕಾಡಿನ ಹೊರಗೇ ಇರಲಿ. ದಾರಿಯಲ್ಲಿ ಹೊಗೆ ಕಂಡರೆ ರೀಲ್ಸ್ ಮಾಡೋ ಮುಂಚೆ ಅರಣ್ಯ ಇಲಾಖೆಯ 1926ಕ್ಕೆ ಅಥವಾ 112ಕ್ಕೆ ಒಂದು ಕಾಲ್ ಮಾಡಿ, ಜಾಗದ ಗುರುತು ಹೇಳಿ. ಉಪಗ್ರಹ ಬರೋಕೆ ಹನ್ನೊಂದು ಗಂಟೆ ಆಗಬಹುದು. ನೀವು ಆಗಲೇ ಅಲ್ಲಿ ಇದ್ದೀರಿ.